ಸೆಟೆದ ಸ್ನಾಯು, ಮಗುವಿನ ಆಯುಸ್ಸು

ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಸೆಟೆದ ಮಗುವಿನ ಹೆತ್ತವರನ್ನು ಕಾಡುವ ಪ್ರಶ್ನೆ: ‘ಇದು ಎಷ್ಟು ವರ್ಷ ಬದುಕೀತು?’ ಕೊಡಿಕೊಂಡದಂಥ ಗಡಿಯೂರುಗಳಲ್ಲಿ ಉತ್ತರ ವೈದ್ಯರಿಗಿಂತ ಮೊದಲೇ ನೆರೆಮನೆಯಿಂದ ಬರುತ್ತದೆ. ಅದು ಬಹಳ ಸಲ ತಪ್ಪಾಗಿರುತ್ತದೆ.

ಸುಮ್ಮನಿರುವಾಗಲೂ ಸ್ನಾಯುಗಳಲ್ಲಿ ಹದವಾದ ಬಿಗಿಯೊಂದು ಇರುತ್ತದೆ. ಅದನ್ನು ಅಂಕೆಯಲ್ಲಿಡುವುದು ಮಿದುಳು. ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಶೈಶವದಲ್ಲಿ ಮಿದುಳಿಗೆ ಹಾನಿಯಾದರೆ ಅಂಕೆ ತಪ್ಪಿ ಸ್ನಾಯು ಸೆಟೆಯುತ್ತದೆ, ಇಲ್ಲವೇ ಜೋಲುತ್ತದೆ.

ಬಿಗಿತವೊಂದೇ ಆಯುಸ್ಸನ್ನು ಕಡಿಯುವುದಿಲ್ಲ. ನಡೆಯಬಲ್ಲ, ತಾವೇ ಉಣ್ಣಬಲ್ಲ ಮಕ್ಕಳು ಹೆಚ್ಚುಕಡಿಮೆ ಇತರರಷ್ಟೇ ಕಾಲ ಬಾಳುತ್ತಾರೆ. ಹೆಚ್ಚಿನ ಅಪಾಯವಿರುವುದು ಗಂಟಲಿನಲ್ಲಿ. ನುಂಗುವ ಸ್ನಾಯುಗಳೂ ಹದ ತಪ್ಪಿದ್ದರೆ ಅನ್ನದ ಅಗುಳು, ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮರುಕಳಿಸುತ್ತದೆ. ತೀವ್ರವಾಗಿ ಬಾಧಿತರಾದ ಮಕ್ಕಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮಗುವನ್ನು ಕಾಲಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಗಂಜಿ ಹೊಯ್ಯುವ ರೂಢಿ ನಮ್ಮಲ್ಲುಂಟು. ಅಕ್ಕರೆಯ ರೂಢಿಯೇ, ಆದರೆ ಇಂಥ ಮಗುವಿಗೆ ಅದು ಸಲ್ಲದು. ನೆಟ್ಟಗೆ ಕುಳ್ಳಿರಿಸಿ, ತಲೆಯನ್ನು ಹಿಂದಕ್ಕೆ ವಾಲಗೊಡದೆ, ತುಸುತುಸುವೇ ಉಣಿಸಬೇಕು. ನೀರಾದ ಗಂಜಿಗಿಂತ ಮಂದವಾದ ರಾಗಿ ಸರಿ ಹಲವರಿಗೆ ಸುಲಭ. ಉಣ್ಣುವಾಗ ಕೆಮ್ಮು, ಗೊರಗೊರ ದನಿ, ಮತ್ತೆಮತ್ತೆ ಜ್ವರ ಕಂಡರೆ ವೈದ್ಯರಿಗೆ ಹೇಳಲೇಬೇಕು. ತೂಕ ಇಳಿಯುವುದನ್ನೂ ‘ಅದರ ಮೈಕಟ್ಟೇ ಹಾಗೆ’ ಎಂದು ಬಿಡಬಾರದು.

ನಮ್ಮೂರ ಹೆದ್ದಾರಿ ಹಿಡಿದರೆ ಸಿಗುವ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಮಕ್ಕಳಿಗೆಂದೇ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವೂ ಇದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ. ನೆರೆಯ ಕನ್ನಡ ಶಾಲೆಯಲ್ಲಿಯೇ ಅದನ್ನು ಕೇಳಬಹುದು. ಜೊತೆಗೆ ಬೆನ್ನಿಗೆ ಆಸರೆಯುಳ್ಳ ಒಂದು ಕುರ್ಚಿಯನ್ನೂ.