ಹೊಸ ಟೈರು ಹಿಂದಿರಲಿ

ಮಳೆಗಾಲ ಸಮೀಪಿಸುತ್ತಲೇ ಟೈರು ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ನಾಲ್ಕು ಟೈರುಗಳನ್ನೂ ಒಮ್ಮೆಗೇ ಬದಲಾಯಿಸುವಷ್ಟು ಧನಾನುಕೂಲ ಎಲ್ಲರಿಗೂ ಇರುವುದಿಲ್ಲವಾದುದರಿಂದ, ಹೆಚ್ಚು ಸವೆದ ಎರಡನ್ನು ಮಾತ್ರ ತೆಗೆಸಿ, ಬೆಲೆಗೆ ಒಗ್ಗಿದ ಮತ್ತೊಂದು ಕಂಪನಿಯ ಜೋಡಿಯನ್ನು ಹಾಕಿಸಿಕೊಂಡು ಬರುವ ಗೃಹಸ್ಥರನ್ನು ದೂಷಿಸಲಾಗದು. ಆದರೆ ಆ ಹೊಸ ಜೋಡಿ ಮುಂದಿನ ಅಚ್ಚಿಗೆ ಸೇರತಕ್ಕದ್ದೋ ಹಿಂದಿನ ಅಚ್ಚಿಗೆ ಸೇರತಕ್ಕದ್ದೋ ಎಂಬ ಪ್ರಶ್ನೆಯನ್ನು ಕೇಳುವವರೂ ತಿಳಿಯಹೇಳುವವರೂ ವಿರಳರಾಗಿರುವುದು ನಿಜಕ್ಕೂ ಚಿಂತೆಯ ಸಂಗತಿ.

ಒಂದೇ ಅಚ್ಚಿನ ಎರಡು ಚಕ್ರಗಳ ವಿಷಯದಲ್ಲಿ ವಾದಕ್ಕೆ ಆಸ್ಪದವಿಲ್ಲ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಅವು ಸಮಬಲವುಳ್ಳವಾಗಿರಬೇಕು. ಅಳತೆ, ರಚನೆ, ಗೀರುಗಳ ವಿನ್ಯಾಸ, ಸವೆತ ಇವೆಲ್ಲವೂ ಎಡಬಲಗಳಲ್ಲಿ ಒಂದೇ ತೆರನಾಗಿರದಿದ್ದರೆ, ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದೊಡನೆ ವಾಹನವು ಒಂದು ಬದಿಗೆ ಎಳೆಯುವುದು. ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಕಂಪನಿಯ ಜೋಡಿಯನ್ನು ಹಾಕಿಸುವುದಾದರೋ ಅಷ್ಟರಿಂದಲೇ ಅಪರಾಧವಾಗದು. ರಸ್ತೆಯನ್ನು ಹಿಡಿಯುವುದು ಕಂಪನಿಯ ಹೆಸರಲ್ಲ; ರಬ್ಬರಿನ ಮಿಶ್ರಣ, ನೀರನ್ನು ಹೊರದೂಡುವ ಗೀರುಗಳು ಮತ್ತು ಆ ಗೀರುಗಳಲ್ಲಿ ಉಳಿದಿರುವ ಆಳ. ಒಂದೇ ಕಂಪನಿಯ ಎರಡು ಮಾದರಿಗಳೂ ಮಳೆಯಲ್ಲಿ ಭಿನ್ನವಾಗಿ ವರ್ತಿಸಬಲ್ಲವಾದುದರಿಂದ, ಹೆಸರು ಒಂದೇ ಎಂಬ ಸಮಾಧಾನವೂ ಪೂರ್ಣವಾದುದಲ್ಲ. ನಾಲ್ಕೂ ಒಂದೇ ಮಾದರಿಯವಾಗಿರುವುದು ಉತ್ತಮ. ನಾಲ್ಕೂ ಚಕ್ರಗಳಿಗೆ ಸದಾ ಎಂಜಿನ್ನಿನ ಬಲ ಹರಿಯುವ ವಾಹನಗಳಲ್ಲಿ ಅದು ಅವಶ್ಯಕವೂ ಹೌದು.

ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಭಾರ, ಎಳೆಯುವ ಕೆಲಸ, ತಿರುಗಿಸುವ ಕೆಲಸ, ಬ್ರೇಕಿನ ಅಧಿಕಾಂಶ ಇವೆಲ್ಲ ಮುಂದಿನ ಚಕ್ರಗಳ ಪಾಲಿಗೇ ಬಂದಿರುವುದರಿಂದ ಮೊದಲು ಸವೆಯುವುವು ಅವೇ. ಆದಕಾರಣ ಹೊಸವನ್ನು ಅಲ್ಲಿಯೇ ಹಾಕಿಬಿಡುವುದು ರೂಢಿ. ಮೇಲ್ನೋಟಕ್ಕೆ ಸಯುಕ್ತಿಕವೆನಿಸುವ ಈ ರೂಢಿಯಲ್ಲಿಯೇ ಅಪಾಯ ಅಡಗಿದೆ. ಚಾರ್ಮಾಡಿಯ ಅಥವಾ ಆಗುಂಬೆಯ ತಿರುವಿನಲ್ಲಿ ನೀರು ಹರಿಯುತ್ತಿರುವಾಗ ಮುಂದಿನ ಚಕ್ರಗಳು ಹಿಡಿತ ತಪ್ಪಿದರೆ ಕಾರು ತಿರುಗಲೊಲ್ಲದೆ ನೇರಕ್ಕೆ ಜಾರುವುದು. ಚಾಲಕನು ಸಹಜವಾಗಿಯೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವನು, ಭಾರ ಮುಂದಕ್ಕೆ ವಾಲುವುದು, ಬಹುವೇಳೆ ಹಿಡಿತ ಮರಳುವುದು. ಹಿಂದಿನ ಚಕ್ರಗಳು ತಪ್ಪಿದಾಗಲೋ ಅದೇ ಸಹಜ ಪ್ರತಿಕ್ರಿಯೆ ಅನರ್ಥಕ್ಕೆ ಕಾರಣವಾಗುವುದು: ಕಾಲು ತೆಗೆದಷ್ಟೂ ಹಿಂಭಾಗ ಹಗುರಾಗಿ, ಹೊಸ ಟೈರುಗಳ ಬಲದಿಂದ ಮುಂಭಾಗ ತಿರುವನ್ನು ಗಟ್ಟಿಯಾಗಿ ಹಿಡಿದಿರುವಂತೆಯೇ ಹಿಂಭಾಗವು ಹೊರಕ್ಕೆ ಬೀಸಿ, ಕಾರು ತನ್ನ ಸುತ್ತಲೇ ತಿರುಗಿಬಿಡುವುದು. ಅದನ್ನು ಕ್ಷಣಾರ್ಧದಲ್ಲಿ ತಿದ್ದುವ ಕೌಶಲ ಸಾಮಾನ್ಯ ಚಾಲಕರಲ್ಲಿರುವುದಿಲ್ಲ. ಆದುದರಿಂದಲೇ ಹೆಚ್ಚು ಗೀರು ಉಳಿದ ಜೋಡಿ ಹಿಂದಿನ ಅಚ್ಚಿಗೆ ಸೇರಬೇಕೆಂದು ಟೈರು ತಯಾರಕರು ಸಲಹೆ ಮಾಡುತ್ತಾರೆ. ಹಿಂದಿದ್ದ ಹಳೆಯ ಜೋಡಿ ಇನ್ನೂ ಯೋಗ್ಯವಾಗಿದ್ದರೆ ಮುಂದಕ್ಕೆ ಬರಲಿ. ಅಲ್ಲಿಗೂ ಸಲ್ಲದಷ್ಟು ಸವೆದಿದ್ದರೆ ನಾಲ್ಕನ್ನೂ ಬದಲಾಯಿಸುವುದೇ ಸರಿ.

ಟೈರಿನ ಪಕ್ಕೆಯನ್ನೇ ಓದಿದರೆ ಅರ್ಧ ವಿಷಯ ತಿಳಿಯುತ್ತದೆ. '185/65 ಆರ್ 15 88 ಎಚ್' ಎಂದಿದ್ದರೆ ಅಗಲ 185 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ ಶೇಕಡ 65, ರಚನೆ ರೇಡಿಯಲ್, ರಿಮ್ಮಿನ ವ್ಯಾಸ 15 ಅಂಗುಲ. 88 ಎಂಬುದು 560 ಕಿಲೋಗ್ರಾಂ ಭಾರದ ಮಿತಿ, 'ಎಚ್' ಎಂಬುದು ಗಂಟೆಗೆ 210 ಕಿಲೋಮೀಟರ್ ವೇಗದ ಮಿತಿ. ಸಮೀಪದಲ್ಲಿಯೇ ಅಚ್ಚೊತ್ತಿದ 2323 ಎಂಬಂಥ ನಾಲ್ಕು ಅಂಕಿಗಳು, ಅದು 2023ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಸುತ್ತವೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಸರಕನ್ನು ಹೊಸದೆಂದು ಕೊಳ್ಳದಿರಲು ಇಷ್ಟು ಸಾಕು.

ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಅದು ಕಾನೂನು ಸಹಿಸುವ ಕೊನೆಯ ಗೆರೆಯೇ ಹೊರತು ಘಟ್ಟದ ಮಳೆಯಲ್ಲಿ ಸುರಕ್ಷತೆಯ ಭರವಸೆಯಲ್ಲ. ಸಂಸಾರವನ್ನೇ ಕೂರಿಸಿಕೊಂಡು ಘಟ್ಟ ಇಳಿಯುವ ಗ್ರಾಹಕನಿಗೆ ಬೆಲೆಯನ್ನು ಹೇಳುವ ಅಂಗಡಿಯವನು ಅಚ್ಚಿನ ಮಾತನ್ನೂ ಹೇಳಬೇಕು. ಚಾಲನಾ ಶಾಲೆಗಳು ಗೇರು, ಕ್ಲಚ್ಚುಗಳೊಡನೆ ಇದನ್ನೂ ಕಲಿಸಬೇಕು. ಅಲ್ಲಿಯವರೆಗೆ ಈ ಹೊಣೆ ಮಾಲೀಕನದೇ: ಎರಡೇ ಟೈರು ಕೊಳ್ಳುವಂತಿದ್ದರೆ, ಕಂಪನಿ ಯಾವುದೇ ಇರಲಿ, ಅವನ್ನು ಹಿಂದಕ್ಕೇ ಹಾಕಿಸಿ ಎಂದು ಸ್ಪಷ್ಟವಾಗಿ ಹೇಳಿ, ಹಾಕಿ ಮುಗಿಸುವವರೆಗೂ ಅಲ್ಲಿಯೇ ನಿಂತು ನೋಡತಕ್ಕದ್ದು.