ಓದುವ ಆಟಕ್ಕೆ ಕಾಸು ಕೊಡಬೇಕೆ?

‘ಆಟವೆಂದ ಮೇಲೆ ಆಡಬೇಕು, ಓದುವುದಕ್ಕೆ ದುಡ್ಡು ಸುರಿಯುವವನು ಹುಚ್ಚ’ ಎಂಬ ಮಾತು ಈಚೆಗೆ ಕಂಪ್ಯೂಟರ್ ಆಟಗಳ ರಸಿಕರಲ್ಲಿ ಗಾದೆಯಷ್ಟೇ ಗಟ್ಟಿಯಾಗಿ ನೆಲೆಯೂರಿದೆ. ಅವರ ಸಿಟ್ಟೆಲ್ಲ ವಿಷುಯಲ್ ನಾವೆಲ್ ಎಂಬ ಒಂದು ಬಡ ಜಾತಿಯ ಮೇಲೆ. ಪರದೆಯಲ್ಲಿ ಹಿನ್ನೆಲೆಗೊಂದು ಚಿತ್ರ, ಅದರ ಮುಂದೆ ಅಲುಗಾಡದೆ ನಿಂತ ಒಂದೆರಡು ಪಾತ್ರಗಳು, ಕೆಳಗೆ ಅವರಾಡುವ ಮಾತು. ಗುಂಡಿ ಒತ್ತಿದರೆ ಮುಂದಿನ ಮಾತು ಬರುತ್ತದೆ. ಆಗೊಮ್ಮೆ ಈಗೊಮ್ಮೆ ಕಥೆ ತಾನೇ ನಿಂತು, ‘ಈಗೇನು ಮಾಡುತ್ತೀ, ಹೋಗುತ್ತೀಯೋ ಇರುತ್ತೀಯೋ?’ ಎಂದು ಕೇಳುತ್ತದೆ. ಉತ್ತರದ ಮೇಲೆ ಕಥೆಯ ದಾರಿ ತಿರುಗುತ್ತದೆ. ಕೆಲವದರಲ್ಲಿ ಅಷ್ಟೂ ಇಲ್ಲ. ಒಬ್ಬಿಬ್ಬರು ಸೇರಿ ಅಲ್ಪ ಬಂಡವಾಳದಲ್ಲಿ ಕಟ್ಟಿದ ಇಂಥದಕ್ಕೆ ಆಟವೆಂದು ಹೆಸರಿಟ್ಟು ಬೆಲೆ ಕಟ್ಟುವುದು ಮೋಸವೆಂದು ಇವರ ವಾದ. ಈ ವಾದ ತಪ್ಪೆಂದು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಹೆಸರಿನ ಜಗಳ. ‘ಆಟ’ ಎಂಬ ಮಾತಿನ ಗಡಿಯನ್ನು ಇವರು ಯಾವ ನಿಘಂಟಿನಲ್ಲಿ ಅಳೆದರೋ ನಾನರಿಯೆ. ನಮ್ಮ ಕಡೆ ಬಯಲಾಟವುಂಟು, ದೊಡ್ಡಾಟವುಂಟು, ಸಣ್ಣಾಟವುಂಟು, ತೊಗಲುಗೊಂಬೆಯಾಟವುಂಟು. ಈ ಯಾವುದರಲ್ಲಿಯೂ ಚಾಪೆಯ ಮೇಲೆ ಕೂತ ಜನ ಕೈಕಾಲು ಆಡಿಸುವುದಿಲ್ಲ. ಆದರೂ ‘ಆಟಕ್ಕೆ ಹೋಗಿದ್ದೆವು’ ಎಂದೇ ಬೆಳಗ್ಗೆ ಕಣ್ಣುಜ್ಜುತ್ತ ಹೇಳುತ್ತಾರೆ. ಕರಾವಳಿಯವರು ಇನ್ನೂ ಸೂಕ್ಷ್ಮಜ್ಞರು. ವೇಷ ಕಟ್ಟಿ ಕುಣಿದರೆ ಅದು ಆಟ; ವೇಷವೂ ಕುಣಿತವೂ ಇಲ್ಲದೆ ಭಾಗವತರ ಹಾಡಿಗೆ ಕುಳಿತಲ್ಲೇ ಮಾತು ಹೆಣೆದರೆ ಅದು ತಾಳಮದ್ದಲೆ, ಅವರ ಬಾಯಲ್ಲಿ ಕೂಟ. ಕೂಟಕ್ಕೆ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಬಣ್ಣವಿಲ್ಲ. ಖರ್ಚಿನ ಲೆಕ್ಕದಲ್ಲಿ ಆಟದ ಬಡ ತಮ್ಮನೇ ಸರಿ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಲು ಕುಳಿತಲ್ಲಿ ಕಿರೀಟವೆಲ್ಲಿ ಎಂದು ಕೇಳಿದವರುಂಟೆ? ವಿಷುಯಲ್ ನಾವೆಲ್ ಕಂಪ್ಯೂಟರ್ ಆಟಗಳ ತಾಳಮದ್ದಲೆ. ಕುಣಿತ ಕಾಣಲಿಲ್ಲವೆಂದು ಗೊಣಗುವವನು ಬಂದ ಜಾಗ ತಪ್ಪಿದ್ದಾನೆ, ಅಷ್ಟೆ.

ಕನ್ನಡದ ಮೇಷ್ಟರು ಶಬ್ದದ ಮೇಲೆ ಕಸರತ್ತು ಮಾಡುತ್ತಿದ್ದಾರೆಂದು ಯಾರಾದರೂ ನಗಬಹುದು. ನಗಲಿ. ಕೆಲಸದ ಲೆಕ್ಕಕ್ಕೇ ಬರುತ್ತೇನೆ. ಆಟದಲ್ಲಿ ಆಡುವವನ ಕೆಲಸವೇನು? ಗೆಲ್ಲಲು ಯತ್ನಿಸುವುದು, ಊಹಿಸುವುದು, ತಪ್ಪಿದರೆ ಮತ್ತೆ ಹೂಡುವುದು. ಇವೆಲ್ಲ ಬೆರಳಿನಿಂದಲೇ ಆಗಬೇಕೆಂದು ಯಾರು ವಿಧಿಸಿದರು? ಬೇತಾಳ ವಿಕ್ರಮನ ಹೆಗಲೇರಿ ಕಥೆ ಹೇಳಿ ಕಡೆಗೊಂದು ಪ್ರಶ್ನೆ ಹಾಕುತ್ತದೆ; ಬಲ್ಲವನು ಬಾಯಿ ಬಿಡದಿದ್ದರೆ ತಲೆ ಸಹಸ್ರ ಹೋಳು, ಬಿಟ್ಟರೆ ಬೇತಾಳ ಮರಳಿ ಮರಕ್ಕೆ. ಇದಕ್ಕಿಂತ ಕಟ್ಟುನಿಟ್ಟಾದ ಆಟದ ನಿಯಮವನ್ನು ನಾನು ಬೇರೆ ಕಡೆ ಕಂಡಿಲ್ಲ.

ಜಪಾನಿನಲ್ಲಿ ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1992ರಲ್ಲಿ ಚುನ್‌ಸಾಫ್ಟ್ ಕಂಪನಿಯವರು ‘ಒತೊಗಿರಿಸೊ’ ಎಂಬ ಓದುವ ಆಟವನ್ನು ತಂದರು. 1994ರಲ್ಲಿ ಅವರದೇ ‘ಕಮಾಇತಾಚಿ ನೊ ಯೊರು’ ಬಂತು. ಹಿಮ ಮುಚ್ಚಿದ ವಸತಿಗೃಹದಲ್ಲಿ ನಡೆಯುವ ಈ ಕೊಲೆಯ ಕಥೆಯಲ್ಲಿ ಪಾತ್ರಗಳಿಗೆ ಮುಖವೇ ಇಲ್ಲ, ಬರಿಯ ನೀಲಿ ನೆರಳುಗಳು. ಮುಖ ನಾವೇ ಬರೆದುಕೊಳ್ಳಬೇಕು. ಇನ್ನು 2002ರ ಆಗಸ್ಟಿನಲ್ಲಿ ರ್ಯುಕಿಶಿ ಎಂಬ ಕಾವ್ಯನಾಮದ ಲೇಖಕ ಟೋಕಿಯೋದ ಹವ್ಯಾಸಿಗಳ ಸಂತೆಯಲ್ಲಿ ಮಾರಿದ ‘ಹಿಗುರಾಶಿ’ಯನ್ನು ನೋಡಿ. ಹಿನ್ನೆಲೆಗೆ ಮಸುಕು ಮಾಡಿದ ಛಾಯಾಚಿತ್ರಗಳು. ಪಾತ್ರಗಳ ಚಿತ್ರವನ್ನು ಲೇಖಕನೇ ಗೀಚಿದ್ದು, ಅದರಲ್ಲಿ ಕೈಗಳು ಬೂದುಗುಂಬಳದಂತೆ ಊದಿವೆ. ಆರಿಸಿಕೊಳ್ಳಲು ಒಂದು ದಾರಿಯೂ ಇಲ್ಲ. ಇಷ್ಟಾದರೂ ಎಂಟು ಭಾಗಗಳಾಗಿ 2006ರವರೆಗೆ ಬಂದ ಅದನ್ನು, ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವಿನ ತಿಂಗಳುಗಳಲ್ಲಿ, ಕೊಂದವರಾರು, ಹೇಗೆ, ದೈವವೋ ಮನುಷ್ಯನೋ ಎಂದು ಓದಿದವರೆಲ್ಲ ತರ್ಕಿಸಿದರು. ಆಟ ನಡೆದದ್ದು ಪರದೆಯ ಮೇಲಲ್ಲ, ಅವರ ತಲೆಯೊಳಗೆ.

ಎರಡನೆಯ ಆಕ್ಷೇಪಣೆ ಗಂಟೆಯ ಲೆಕ್ಕದ್ದು. ಇಷ್ಟು ರೂಪಾಯಿಗೆ ಇಷ್ಟು ಗಂಟೆ ಸಿಗದಿದ್ದರೆ ನಷ್ಟವಂತೆ! ದಾವಣಗೆರೆಯಲ್ಲಿ ಕೂತು ಈ ಮಾತು ಕೇಳಲು ನನಗೆ ನಗು. ಬೆಣ್ಣೆದೋಸೆಯನ್ನು ಅಡಿಕೋಲು ಹಿಡಿದು ಅಳೆದು ತಿಂದವರನ್ನು ಈ ಊರು ಇನ್ನೂ ಕಂಡಿಲ್ಲ. ಟೊರಾಂಟೋದ ವಿಸೈ ಗೇಮ್ಸ್ ತಂಡದವರ ‘ವೆಣ್ಬಾ’ 2023ರ ಜುಲೈ 31ರಂದು ಹೊರಬಂತು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ಅಳಿಸಿಹೋದ ಅಡುಗೆ ಪುಸ್ತಕದಿಂದ ಇಡ್ಲಿ ಮೊದಲಾದುವನ್ನು ಮತ್ತೆ ನೆನಪಿಗೆ ತಂದುಕೊಳ್ಳುತ್ತಾಳೆ. ಇತ್ತ ಮಗ ಭಾಷೆಯಿಂದ ದೂರ ಸರಿಯುತ್ತಾನೆ. ಅಡುಗೆಯ ಒಗಟುಗಳಿರುವುದರಿಂದ ಇದು ಪೂರ್ತಿ ವಿಷುಯಲ್ ನಾವೆಲ್ ಅಲ್ಲ, ಹತ್ತಿರದ ನೆಂಟ. ಅಮೆರಿಕದಲ್ಲಿ ಅದರ ಬೆಲೆ 15 ಡಾಲರಿಗೆ ಒಂದು ಸೆಂಟು ಕಡಿಮೆ. ಮುಗಿಯುವುದು ಒಂದೂವರೆ ಗಂಟೆಯಷ್ಟರಲ್ಲಿ. ಚಿಕ್ಕದೆಂದು ಗೊಣಗಿದವರು ಬಹಳ. 2024ರಲ್ಲಿ ಬಾಫ್ಟಾದವರು ಅದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟರು.

ಗಂಟೆಯ ಲೆಕ್ಕ ಬರಿಯ ಜಿಪುಣತನವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅದು ಬಡ ಲೇಖಕನ ಕುತ್ತಿಗೆಗೇ ಬರುತ್ತದೆ. ಸ್ಟೀಮ್ ಎಂಬ ದೊಡ್ಡ ಅಂಗಡಿಯಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗೆ ಕಡಿಮೆಯಿದ್ದರೆ, ಕೇಳಿದ ಹಣ ವಾಪಸು. ನಿಯಮ ಗ್ರಾಹಕನಿಗೆ ಒಳ್ಳೆಯದೇ. ಆದರೆ ಒಂದೂವರೆ ಗಂಟೆಯ ಕಥೆಯನ್ನು ಪೂರ್ತಿ ಓದಿ, ಕಣ್ಣೊರೆಸಿಕೊಂಡು, ಹಣ ಹಿಂದಕ್ಕೆ ಪಡೆಯುವ ಪುಣ್ಯಾತ್ಮರೂ ಇದ್ದಾರೆ. 2021ರಲ್ಲಿ ‘ಸಮ್ಮರ್ ಆಫ್ 58’ ಎಂಬ ಸಣ್ಣ ಭಯಾನಕ ಆಟವನ್ನು ಮಾಡಿದಾತ, ಎರಡು ಗಂಟೆ ಮೀರದ ತನ್ನ ಆಟಕ್ಕೆ ಮೆಚ್ಚುಗೆ ಬಂದರೂ ವಾಪಸಾತಿಯೇ ಹೆಚ್ಚಾಯಿತೆಂದು ಆಟ ಮಾಡುವುದನ್ನೇ ನಿಲ್ಲಿಸುವುದಾಗಿ ಸಾರಬೇಕಾಯಿತು. ಹೋಟೆಲಿನಲ್ಲಿ ಉಂಡು ಎಲೆ ಎತ್ತಿದ ಮೇಲೆ ಊಟ ವಾಪಸು ಎನ್ನುವುದಕ್ಕೆ ನಮ್ಮಲ್ಲಿ ಬೇರೆಯೇ ಹೆಸರಿದೆ.

ನಾನಿದನ್ನು ಬರೆಯುತ್ತಿರುವುದು ಜಪಾನಿನವರ ಮೇಲಣ ಮಮತೆಯಿಂದಲ್ಲ. ರೆನ್‌ಪೈ ಎಂಬ ಉಪಕರಣವುಂಟು. 2004ರಲ್ಲಿ ಟಾಮ್ ರಾಥಮೆಲ್ ಹೊರತಂದದ್ದು, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿ ಇಂಥ ಆಟ ಕಟ್ಟಬಹುದು. ಅದರಲ್ಲಿ ಕನ್ನಡವನ್ನು ಸರಿಯಾಗಿ ಕಾಣಿಸುವುದು ಬಹುಕಾಲ ಆಗದ ಮಾತಾಗಿತ್ತು. ಕಾರಣ, ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವ ವಿದ್ಯೆ ಅದಕ್ಕಿರಲಿಲ್ಲ. 2023ರ ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಸೇರಿದ ಮೇಲೆ ಬ್ರಾಹ್ಮೀ ಕುಲದ ಲಿಪಿಗಳಿಗೆಲ್ಲ ಬಾಗಿಲು ತೆರೆಯಿತು. ಹರಿಹರದ ಬಳಿಯ ಸಾರಥಿಯಿಂದ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿಯೊಬ್ಬ ಈಗ ಒಂದು ಕಥೆ ಕಟ್ಟುತ್ತಿದ್ದಾನೆ. ತುಂಗಭದ್ರೆಯ ದಂಡೆ, ಬೇಸಗೆಯಲ್ಲಿ ಬತ್ತಿದ ಹೊಳೆ, ಮರಳು; ಹಿನ್ನೆಲೆಗೆ ತನ್ನ ಫೋನಿನಲ್ಲಿ ತೆಗೆದ ಚಿತ್ರಗಳು. ಸಂಭಾಷಣೆ ಆ ಸೀಮೆಯದೇ, ಗ್ರಂಥದ್ದಲ್ಲ. ಅವನಿಗೆ ಅವನ ಗೆಳೆಯರು ಕೊಟ್ಟ ಬುದ್ಧಿವಾದ: ‘ಪುಕ್ಕಟೆ ಕೊಡು, ಇದಕ್ಕಾರು ದುಡ್ಡು ಕೊಡುತ್ತಾರೆ?’ ಈ ಗೆಳೆಯರೇ ಪುಕ್ಕಟೆಯೆಂದು ಇಳಿಸಿಕೊಂಡ ಗುಂಡಿನಾಟದಲ್ಲಿ ಬಂದೂಕಿನ ಬಣ್ಣಕ್ಕೆ ತಿಂಗಳು ತಿಂಗಳು ಹಣ ತೆತ್ತವರು. ಕಥೆಗೆ ಕೊಡಲು ಮಾತ್ರ ಇವರ ಕೈ ಬಾರದು.

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕೊಂಡವರಿದ್ದುದರಿಂದ ಮುಂದಿನದು ಅಚ್ಚಾಯಿತು. ಕಾದಂಬರಿಯೇನು ಕಾವ್ಯವೇ ಎಂದು ಆಗಲೂ ಮೂಗು ಮುರಿದ ಪಂಡಿತರಿಗೆ ಕೊರತೆಯಿರಲಿಲ್ಲ.

ಹಾಗೆಂದು ಸಿಕ್ಕಿದ್ದೆಲ್ಲ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಈ ಜಾತಿಯಲ್ಲಿ ಕಸ ರಾಶಿಯಾಗಿದೆ. ಯಂತ್ರಕ್ಕೆ ಹೇಳಿ ಬರೆಸಿದ ಮಾತು, ಯಂತ್ರವೇ ಬಿಡಿಸಿದ ಗೊಂಬೆಮುಖಗಳು, ನಾಲ್ಕು ಅರೆಬತ್ತಲೆ ಚಿತ್ರಗಳಿಗೆ ಸುತ್ತಿದ ನೆಪದ ಕಥೆ, ಇವಕ್ಕೆ ಒಂದು ರೂಪಾಯಿಯೂ ದಂಡವೇ. ಕಂಪನಿ ನಾಟಕದಲ್ಲಿ ಇಂದ್ರನಿಗೂ ದುರ್ಯೋಧನನಿಗೂ ಅದೇ ಅರಮನೆಯ ಪರದೆ ಬೀಳುತ್ತಿದ್ದಾಗ ನಾವು ಒಪ್ಪಿದ್ದು ಮುಂದೆ ನಿಂತವನ ಮಾತಿಗಾಗಿ. ಮಾತೂ ಎರವಲಾದರೆ ಪರದೆಯನ್ನು ನೋಡುತ್ತ ಕೂರುವುದೇಕೆ? ಇಂಥ ಆಟಗಳಲ್ಲಿ ಅನೇಕಕ್ಕೆ ಮೊದಲ ಅಧ್ಯಾಯವನ್ನು ಪುಕ್ಕಟೆ ಓದಲು ಕೊಡುವ ರೂಢಿಯಿದೆ. ಅದನ್ನು ಓದಿ. ಎರಡು ಪಾತ್ರಗಳ ಮಾತನ್ನು ಹೆಸರು ಮುಚ್ಚಿ ಓದಿದಾಗ ಯಾರದು ಯಾವುದೆಂದು ತಿಳಿದರೆ ಕೊಳ್ಳಿ. ತಿಳಿಯದಿದ್ದರೆ ಆ ದುಡ್ಡನ್ನು ದೋಸೆಗೆ ಇಡಿ.