ಅಕ್ಷರ ಕನ್ನಡದ್ದಾದರೆ ಸಾಲದು, ಅಂಗಡಿಯ ಹೆಸರೂ ಊರಿನದಾಗಲಿ

2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಫಲಕಗಳಿಗೆ ಮಸಿ ಬಿತ್ತು, ಫಲಕಗಳು ಮುರಿದು ಬಿದ್ದವು. ಪ್ರತಿಭಟನೆ ನಡೆಸಿದ ಕರ್ನಾಟಕ ರಕ್ಷಣಾ ವೇದಿಕೆಯ ಟಿ.ಎ. ನಾರಾಯಣಗೌಡರ ಬಂಧನವಾಯಿತು. ಫಲಕಗಳಲ್ಲಿ ಕನ್ನಡ ಕಡ್ಡಾಯ ಮಾಡಲು ಸರ್ಕಾರ ಕಳಿಸಿದ ಸುಗ್ರೀವಾಜ್ಞೆಯನ್ನು ಮರುತಿಂಗಳು ರಾಜ್ಯಪಾಲರು ಹಿಂದಿರುಗಿಸಿದರು. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲವೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಮಾಡಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಿತು.

ಆ ಕಾಯ್ದೆ ಬೇಕಿತ್ತು. ಕರ್ನಾಟಕದಲ್ಲಿ ವ್ಯಾಪಾರ ಮಾಡುವವರು ಕನ್ನಡದಲ್ಲಿ ಬರೆಯಬೇಕೆಂದು ಕೇಳುವುದು ನಮ್ಮ ಹಕ್ಕು. ಅದರಲ್ಲಿ ಅಳುಕುವಂಥದ್ದೇನೂ ಇಲ್ಲ. ನನ್ನ ತಕರಾರು ಕಾಯ್ದೆ ಜಾರಿಯಾಗುತ್ತಿರುವ ರೀತಿಯ ಬಗ್ಗೆ. ಅಧಿಕಾರಿಗಳು ಟೇಪು ಹಿಡಿದು ಅಕ್ಷರ ಅಳೆಯುತ್ತಾರೆ, ಆ ಅಕ್ಷರಗಳಲ್ಲಿ ಬರೆದಿರುವುದೇನು ಎಂದು ಯಾರೂ ಓದುವುದಿಲ್ಲ. ‘ಪ್ರಾವಿಜನ್ ಸ್ಟೋರ್ಸ್’, ‘ಸೂಪರ್ ಮಾರ್ಟ್’, ‘ಡೈಲಿ ನೀಡ್ಸ್’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿದವರು ಪಾಸಾಗುತ್ತಾರೆ. ಲಿಪಿ ಗೆದ್ದಿತೆಂದು ನಾವು ಚಪ್ಪಾಳೆ ತಟ್ಟುತ್ತಿರುವಾಗ ಮಾತು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದೆ.

ಬಾಗಲಕೋಟೆ ಜಿಲ್ಲೆಯ ನಮ್ಮ ಬನಹಟ್ಟಿಯ ಯಾವುದೇ ನೇಕಾರರ ಓಣಿಗೆ ಹೋಗಿ ನೋಡಿ. ಮೂಲೆಯ ಮೇಲೆ ಒಂದು ಅಂಗಡಿ ಇದ್ದೇ ಇರುತ್ತದೆ. ಓಣಿಯವರು ಅದನ್ನು ಕಿರಾಣಿ ಅಂಗಡಿ ಎನ್ನುತ್ತಾರೆ, ಇಲ್ಲವೆ ನಡೆಸುವವರ ಹೆಸರು ಹಿಡಿದು ಕರೆಯುತ್ತಾರೆ. ಮಗ್ಗದ ಸದ್ದಿನ ನಡುವೆ ಒಂದು ಹುಡುಗಿ ಓಡಿ ಬಂದು, ‘ಕಾಕಾ, ಪಾವ್ ಕಿಲೋ ಸಕ್ರಿ, ಹತ್ತು ರೂಪಾಯಿ ಚಾಪುಡಿ ಕೊಡ್ರಿ. ಬಟವಾಡಿ ಆದಮ್ಯಾಲೆ ಅಪ್ಪ ರೊಕ್ಕಾ ಕೊಡ್ತಾನಂತ’ ಎನ್ನುತ್ತಾಳೆ. ಅಂಗಡಿಯವರು ಮಾತಾಡದೆ ಪುಡಿಕೆ ಕಟ್ಟಿ ಕೊಟ್ಟು, ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮಗ್ಗದ ಕೂಲಿ ವಾರಕ್ಕೊಮ್ಮೆ ಕೈಗೆ ಬರುವ ಊರಿನಲ್ಲಿ ಒಲೆ ದಿನವೂ ಉರಿಯುವುದು ಈ ಪುಸ್ತಕದ ಬಲದಿಂದ. ಸೀರೆಯ ಬೇಡಿಕೆ ಕುಸಿದು ಮಗ್ಗ ನಿಂತ ವಾರಗಳಲ್ಲಿ ಬ್ಯಾಂಕು ನೇಕಾರನ ಮನೆಗೆ ಬರಲಿಲ್ಲ. ಕಿರಾಣಿ ಅಂಗಡಿಯವರು ಉದ್ರಿ ನಿಲ್ಲಿಸಲಿಲ್ಲ.

ಈಗ ಅದೇ ಅಂಗಡಿಯ ಫಲಕ ನೋಡಿ. ಮುಕ್ಕಾಲು ಪಾಲು ತಂಪು ಪಾನೀಯದ್ದೋ ಸೋಪಿನದೋ ಮೊಬೈಲ್ ಸಿಮ್ಮಿನದೋ ಬಣ್ಣ, ಬಾಟಲಿಯ ಚಿತ್ರ, ಕಂಪನಿಯ ಹೆಸರು. ಕೆಳಗೋ ಬದಿಗೋ ಒಂದು ಪಟ್ಟಿಯಲ್ಲಿ ಮನೆದೇವರ ಹೆಸರು, ಅದರ ಮುಂದೆ ‘ಪ್ರಾವಿಜನ್ ಸ್ಟೋರ್ಸ್’. ಆ ಫಲಕಕ್ಕೆ ಅಂಗಡಿಯವರು ಕಾಸು ಕೊಟ್ಟಿಲ್ಲ, ವಿತರಕರ ಹುಡುಗ ತಂದು ಹೊಡೆದು ಹೋಗಿದ್ದಾನೆ. ಏನು ಬರೆಯಬೇಕೆಂದು ಯಾರೂ ಅವರನ್ನು ಕೇಳಿಲ್ಲ. ಮೊದಲು ಪೇಂಟರ್ ಬ್ರಶ್ ಹಿಡಿದು ಏಣಿ ಹತ್ತುವಾಗ ‘ಏನಂತ ಬರೀಲಿರಿ?’ ಎಂದು ಕೇಳುತ್ತಿದ್ದ, ಮಾಲೀಕರು ತಮ್ಮ ಬಾಯಲ್ಲಿದ್ದ ಹೆಸರನ್ನೇ ಹೇಳುತ್ತಿದ್ದರು. ಫ್ಲೆಕ್ಸ್ ಬಂದಮೇಲೆ ಆ ಪ್ರಶ್ನೆಯೇ ಹೋಯಿತು. ಕಂಪ್ಯೂಟರಿನಲ್ಲಿ ಮೊದಲೇ ಇರುವ ಮಾದರಿಗೆ ಹೆಸರು ತುಂಬಿದರೆ ಮುಗಿಯಿತು.

ಆದರೆ ಕಾಯ್ದೆ ಹಿಡಿಯುವುದು ಅಂಗಡಿಯವರನ್ನು. ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಆಮೇಲಿನ ಪ್ರತಿ ತಪ್ಪಿಗೆ 20,000 ರೂಪಾಯಿವರೆಗೆ ದಂಡ, ಪರವಾನಗಿಯೂ ರದ್ದಾಗಬಹುದು. ದೊಡ್ಡ ಮಾಲ್‌ಗೆ ಇದು ಒಂದು ದಿನದ ವಿದ್ಯುತ್ ಖರ್ಚೂ ಅಲ್ಲ. ಬೆಂಕಿಪೊಟ್ಟಣ, ಪುಟಾಣಿ, ಶೇಂಗಾ ಮಾರುವವರಿಗೆ ಅದು ಬಂಡವಾಳಕ್ಕೇ ಬೀಳುವ ಹೊಡೆತ. ಕಂಪನಿ ತನ್ನ ಜಾಹೀರಾತಿಗೆ ಹಾಕಿದ ಫಲಕಕ್ಕೆ ಬಡ ಅಂಗಡಿಯವರು ದಂಡ ಕಟ್ಟುವುದು ಯಾವ ಭಾಷಾಪ್ರೇಮ?

ಇನ್ನೊಂದು ಕಡೆಯಿಂದಲೂ ನಮಗೆ ಪೆಟ್ಟು ಬೀಳುತ್ತದೆ. ‘ಕಿರಾಣಿ’ ಎಂಬುದು ಮರಾಠಿ, ‘ಉದ್ರಿ’ ಕೂಡ ಆ ಕಡೆಯದು, ಶುದ್ಧ ಕನ್ನಡದಲ್ಲಿ ‘ದಿನಸಿ ಅಂಗಡಿ’ ಎನ್ನಿ ಎಂದು ತಿದ್ದುವವರಿದ್ದಾರೆ. ಪತ್ರಿಕೆಯ ಕಚೇರಿಗಳಲ್ಲೂ ಪಠ್ಯಪುಸ್ತಕ ಬರೆಯುವವರಲ್ಲೂ ಈ ಧೋರಣೆ ಇದೆ. ಅವರಿಗೆ ಹೇಳಬೇಕಾದದ್ದು ಇಷ್ಟೆ: ದಿನಸಿಯೂ ಹೊರಗಿನಿಂದ ಬಂದದ್ದೇ, ಪಾರಸಿಯ ದಾರಿ ಹಿಡಿದು ಬಂದು ಮೈಸೂರು ಸೀಮೆಯಲ್ಲಿ ಮನೆಮಾತಾಯಿತು. ಮೈಸೂರಿನವರ ಬಾಯಲ್ಲಿ ಪಳಗಿದ ಮಾತು ಶುದ್ಧ, ಬಾಗಲಕೋಟೆಯವರ ಬಾಯಲ್ಲಿ ಪಳಗಿದ್ದು ಬೆರಕೆ ಎಂಬ ತಕ್ಕಡಿ ನಮಗೆ ಬೇಡ.

ನಮ್ಮ ಬನಹಟ್ಟಿ ಸೀಮೆಯ ಇತಿಹಾಸ ಗೊತ್ತಿದ್ದವರು ಹಾಗೆ ಮಾತಾಡಲಾರರು. ಜಮಖಂಡಿ ಪಟವರ್ಧನರ ಸಂಸ್ಥಾನ. ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ದರಬಾರಿನ ಭಾಷೆ ಮರಾಠಿ. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೂ ಮುಂಬಯಿ ಪ್ರಾಂತದಲ್ಲೇ ಇದ್ದೆವು. ಕನ್ನಡ ಸೀಮೆಗಳು ಬಹುಪಾಲು ಒಂದು ರಾಜ್ಯದಲ್ಲಿ ಸೇರಿದ್ದು 1956ರ ನವೆಂಬರ್ 1ರಂದು. ಅಷ್ಟು ಕಾಲ ಕನ್ನಡ ಉಳಿದದ್ದು ಕಚೇರಿಯ ಕೃಪೆಯಿಂದ ಅಲ್ಲ. ಸಂತೆಯಲ್ಲಿ, ಮಗ್ಗದ ಗುಂಡಿಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಜನ ಮಾತಾಡಿ ಉಳಿಸಿದರು. ಮರಾಠಿಯ ಕಿರಾಣಿಯನ್ನು ತಂದು ನಮ್ಮ ಅಂಗಡಿಗೆ ಕಟ್ಟಿ ಕಿರಾಣಿ ಅಂಗಡಿ ಮಾಡಿಕೊಂಡ ಜನ ಕನ್ನಡ ಬಿಟ್ಟವರಲ್ಲ, ಬೆಳೆಸಿದವರು.

‘ಅಂಗಡಿ’ಯ ಬೇರು ಎಷ್ಟು ಆಳ ಎಂಬುದಕ್ಕೆ ಊರುಗಳೇ ಸಾಕ್ಷಿ. ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ ಇವೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಬಳಿ ಹೊಸಂಗಡಿ ಇದೆ. ಹೊಯ್ಸಳರ ಮೂಲಸ್ಥಾನವೆನ್ನುವ ಮೂಡಿಗೆರೆ ತಾಲ್ಲೂಕಿನ ಊರಿನ ಹೆಸರೇ ಅಂಗಡಿ. ನಮ್ಮ ಕಡೆ ಅದು ಮನೆತನದ ಅಡ್ಡಹೆಸರು. ಆ ಒಂದು ಬೇರಿನಿಂದ ಸೀಮೆಗೊಂದು ಕವಲು: ಕರಾವಳಿ ಮಲೆನಾಡಿನಲ್ಲಿ ಗೂಡಂಗಡಿ, ಮೈಸೂರು ಕಡೆ ಚಿಲ್ಲರೆ ಅಂಗಡಿ, ಪೆಟ್ಟಿಗೆ ಅಂಗಡಿ, ಹುಬ್ಬಳ್ಳಿ ಧಾರವಾಡದಲ್ಲಿ ಡಬ್ಬಾ ಅಂಗಡಿ, ಬೆಂಗಳೂರಿನ ಗಲ್ಲಿಗಳಲ್ಲಿ ಶೆಟ್ಟರ ಅಂಗಡಿ, ಮಲಯಾಳಿ ಮುಸ್ಲಿಮರು ನಡೆಸುವ ಕಾಕಾ ಅಂಗಡಿ. ಏನು ಮಾರುತ್ತಾರೆ, ಎಂಥ ಕಟ್ಟಡ, ಯಾರು ನಡೆಸುತ್ತಾರೆ ಎಂಬುದು ಕರೆದ ಕೂಡಲೇ ತಿಳಿಯುತ್ತದೆ. ‘ಪ್ರಾವಿಜನ್ ಸ್ಟೋರ್ಸ್’ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಒಂದೇ. ಯಾವ ಊರನ್ನೂ ಅದು ಗುರುತಿಸುವುದಿಲ್ಲ.

ಓಣಿಯ ಮಾತನ್ನು ಉಳಿಸಿಕೊಂಡವರೂ ಇದ್ದಾರೆ. ಕೆನಡಾದ ಕ್ವೆಬೆಕ್ ಪ್ರಾಂತದಲ್ಲಿ 1977ರಿಂದ ಫ್ರೆಂಚ್ ಭಾಷೆಯ ಬಿಗಿ ಕಾನೂನು ಇದೆ. ಅಲ್ಲಿ ಓಣಿಯ ಅಂಗಡಿಗೆ ‘ದೆಪನೂರ್’ ಎನ್ನುತ್ತಾರೆ. ಮಾಂಟ್ರಿಯಲ್‌ನ ಇಂಗ್ಲಿಷ್ ಮಾತಿನವರೂ ಅದನ್ನೇ ಚಿಕ್ಕದು ಮಾಡಿ ‘ಡೆಪ್‌ಗೆ ಹೋಗಿ ಬರ್ತೀನಿ’ ಎನ್ನುತ್ತಾರೆ. ಅಲ್ಲಿಯವರು ಫಲಕದ ಅಳತೆಯ ಜೊತೆಗೆ ಓಣಿಯ ಮಾತನ್ನೂ ಕಾಯ್ದುಕೊಂಡರು, ಆದ್ದರಿಂದ ಪರಭಾಷಿಕರೂ ಅದನ್ನು ಎತ್ತಿಕೊಂಡರು. ಬೆಂಗಳೂರಿಗೆ ಬಂದ ಹೊರರಾಜ್ಯದವರು ‘ಗೂಡಂಗಡಿ’ ಎಂದು ಕಲಿಯಲಿ ಎಂಬ ಆಸೆ ನಮಗೂ ಇದ್ದರೆ, ಆ ಮಾತು ಮೊದಲು ಫಲಕದ ಮೇಲೆ ಕಾಣಬೇಕು.

ಅಂಗಡಿಯೇ ಮುಚ್ಚುತ್ತಿರುವಾಗ ಹೆಸರಿನ ಜಗಳವೇಕೆ ಎಂದು ಕೇಳುವವರಿಗೂ ಉತ್ತರ ಕೊಡಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದ ಹಲವೆಡೆ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಿತ್ತು. ಬಂದ್‌ಗೆ ಕರೆ ಬಂದಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆಗೆ ಕೂತರು. ತೆರಿಗೆ ವಸೂಲಿಗೆ, ದಂಡ ವಸೂಲಿಗೆ ಮಾತ್ರ ಸರ್ಕಾರಕ್ಕೆ ಕಿರಾಣಿ ಅಂಗಡಿ ಕಣ್ಣಿಗೆ ಬೀಳುತ್ತದೆ. ಉಳಿದ ದಿನ ಅದಕ್ಕೆ ಹೆಸರೂ ಇಲ್ಲ, ಲೆಕ್ಕವೂ ಇಲ್ಲ. ಹೆಸರು ಉಳಿಸುವ ಹೋರಾಟ, ಅಂಗಡಿ ಉಳಿಸುವ ಹೋರಾಟ ಬೇರೆ ಬೇರೆಯಲ್ಲ.

ಹಾಗಾಗಿ ನನ್ನ ಒತ್ತಾಯಗಳು ಸ್ಪಷ್ಟ. ಒಂದು, ಕಂಪನಿ ಹಾಕಿಸುವ ಫಲಕದಲ್ಲಿ ಅಂಗಡಿಯ ಹೆಸರು ಕನ್ನಡದಲ್ಲಿ ಮೇಲೆ, ದೊಡ್ಡದಾಗಿ ಇರಲಿ; ತಪ್ಪಿದರೆ ದಂಡ ಕಂಪನಿಯ ತಲೆಗೆ ಬರಲಿ, ಅಂಗಡಿಯವರಿಗಲ್ಲ. ಎರಡು, ರಬಕವಿ–ಬನಹಟ್ಟಿ ನಗರಸಭೆ ಸೇರಿದಂತೆ ಸ್ಥಳೀಯ ಸಂಸ್ಥೆಗಳು ಉದ್ದಿಮೆ ಪರವಾನಗಿ ಕೊಡುವಾಗ ‘ಕಿರಾಣಿ ಅಂಗಡಿ’, ‘ಚಹಾದಂಗಡಿ’ ಎಂದು ಊರಿನ ಮಾತಿನಲ್ಲೇ ದಾಖಲಿಸಲಿ. ಪರವಾನಗಿಯಲ್ಲಿ ಇದ್ದದ್ದೇ ಫಲಕಕ್ಕೆ ಬರುತ್ತದೆ. ಮೂರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಜಿಲ್ಲೆವಾರು ಅಂಗಡಿ, ಕಸುಬುಗಳ ಹೆಸರುಗಳನ್ನು ಕಲೆಹಾಕಿ, ಫ್ಲೆಕ್ಸ್ ಮುದ್ರಿಸುವವರಿಗೂ ಅಧಿಕಾರಿಗಳಿಗೂ ಹಂಚಲಿ. ಅದರಲ್ಲಿ ಕಿರಾಣಿಯೂ ದಿನಸಿಯೂ ಸಮಸಮ ಕೂರಲಿ. ನಾಲ್ಕು, ಒಬ್ಬರೋ ಇಬ್ಬರೋ ನಡೆಸುವ ಅಂಗಡಿಗೆ ದಂಡದ ಬದಲು ನಗರಸಭೆಯೇ ಊರಿನ ಪೇಂಟರ್ ಕೈಯಲ್ಲಿ ಒಂದು ಫಲಕ ಬರೆಸಿಕೊಡಲಿ. ಕೈಕೆಲಸ ಕಳೆದುಕೊಂಡವರಿಗೆ ಕೂಲಿಯೂ ಆಗುತ್ತದೆ.

ಎರಡನೆಯ ಒತ್ತಾಯಕ್ಕಂತೂ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಪರವಾನಗಿ ಕೊಡುವ ಅಧಿಕಾರ ಈಗಲೂ ನಗರಸಭೆಯದ್ದೇ. ಸದಸ್ಯರು ಮನಸ್ಸು ಮಾಡಿದರೆ ಮುಂದಿನ ಸಾಮಾನ್ಯ ಸಭೆಯಲ್ಲೇ ಠರಾವು ಮಾಡಬಹುದು. ಬನಹಟ್ಟಿ ಮೊದಲು ಮಾಡಲಿ, ಬೆಂಗಳೂರು ನೋಡಿ ಕಲಿಯಲಿ.